ಕೊಯ್ಲು ಮುಗೀತು, ಈಗ ಮಾತಾಡೋಣ

ಈ ವರ್ಷ ನಮ್ಮ ಮನೆಯ ಅಡಿಕೆ ಕೆಲಸ ಬೇಗ ಮುಗಿಯಿತು. ಮೊದಲೆಲ್ಲ ಶಿವರಾತ್ರಿ ಕಳೆದರೂ ಸುಲಿಯುವುದು ನಡೆದೇ ಇರುತ್ತಿತ್ತು. ಈಗ ಹಾಗಿಲ್ಲ. ಅಡಿಕೆ ಬೇಯಿಸುವ ಹಂಡೆಯನ್ನು ಕಡೆಯ ಸಲ ಇಳಿಸಿ ಆಯಿತು, ಚಪ್ಪರದ ಮೇಲಿನ ಅಡಿಕೆ ಚೀಲಕ್ಕೆ ಹೋಯಿತು. ಅಂಗಳದಲ್ಲಿ ಒಂದಿಷ್ಟು ಚಾಲಿ, ಅಂದರೆ ಸಿಪ್ಪೆ ಸಮೇತದ ಹಣ್ಣಡಿಕೆ, ಒಣಗುತ್ತಿದೆ ಅನ್ನುವುದು ಬಿಟ್ಟರೆ ಸೀಸನ್ ಮುಗಿದ ಹಾಗೆಯೇ. ಬೇಗ ಮುಗಿದರೆ ಬಿಡುವು ಜಾಸ್ತಿ ಸಿಗಬೇಕು, ಅಲ್ವಾ? ಬಿಡುವೇನೋ ಸಿಕ್ಕಿದೆ. ಆದರೆ ಬಾಕಿ ಉಳಿದಿರುವುದು ಹಿಂದಿನ ವರ್ಷಗಳಿಗಿಂತ ಜಾಸ್ತಿ. ಯಾಕೆ ಹೀಗಾಯಿತು ಅನ್ನುವುದು ನನ್ನನ್ನು ಕೆಲವು ದಿನಗಳಿಂದ ಕಾಡುತ್ತಿದೆ. ಬರೆದರೆ ಸ್ವಲ್ಪ ಬಿಡಿಸಿಕೊಳ್ಳಬಹುದು ಅಂತ ಕೂತಿದ್ದೇನೆ.

ಬಾಕಿ ಅಂದರೆ ಲೆಕ್ಕಪತ್ರದ ಬಾಕಿ ಇರಬಹುದು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆಳುಕಾಳಿನ ಲೆಕ್ಕ, ಸೊಸೈಟಿಯ ಸಾಲದ ಕಂತು, ಹರಿದ ಟಾರ್ಪಾಲು, ಮಗಳ ಹಾಸ್ಟೆಲ್ ಫೀಸು, ಎರಡು ತಿಂಗಳಿಂದ ನೋಯುತ್ತಿದ್ದ ಒಂದು ಹಲ್ಲು. ಇವನ್ನೆಲ್ಲ ಒಂದೊಂದಾಗಿ ಮುಗಿಸಿದೆ. ಅವು ಮುಗಿಯುವಂಥವೇ. ಮುಗಿದ ಮೇಲೂ ಏನೋ ಉಳಿದಿದೆ ಅನ್ನಿಸುತ್ತಲೇ ಇತ್ತು. ಒಂದು ಸಂಜೆ ಜಗಲಿಯಲ್ಲಿ ಸುಮ್ನೆ ಕೂತಾಗ ಅದು ಏನು ಅಂತ ಹೊಳೆಯಿತು. ಪಕ್ಕದ ಮನೆಯ ಹುಡುಗಿಗೆ ಮದುವೆ ಗೊತ್ತಾಗಿದ್ದು ನನಗೆ ಫೋನಿನಲ್ಲಿ ಬಂದ ಕಾರ್ಡು ನೋಡಿ ತಿಳಿಯಿತು. ನಮ್ಮಲ್ಲಿ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಅಕ್ಕನಿಗೆ ಮಂಡಿ ಆಪರೇಷನ್ ಆಗಿತ್ತು. ಅದೂ ಆಗಿ ತಿಂಗಳ ಮೇಲೆ ತಿಳಿದದ್ದು. ಹೊಳೆ ಆಚೆ ನನ್ನ ದೊಡ್ಡಪ್ಪ ಕಾರ್ತಿಕದಲ್ಲಿ ತೀರಿಕೊಂಡಿದ್ದರು. ವೈಕುಂಠ ಸಮಾರಾಧನೆಗೆ ನಮ್ಮನೆಯವರು ಹೋಗಿ ಬಂದರು. ಒಲೆಯ ಮೇಲೆ ಹಂಡೆ ಇತ್ತು, ನಾನು ಬಿಟ್ಟು ಹೋಗುವ ಹಾಗಿರಲಿಲ್ಲ. ದೊಡ್ಡಮ್ಮನ ಮುಖ ನೋಡದೆ ನಾಲ್ಕು ತಿಂಗಳಾಗುತ್ತಾ ಬಂದಿತ್ತು. ಬಾಕಿ ಇದ್ದದ್ದು ಜನ.

ಸೀಸನ್ ಅಂದರೆ ಯಾವಾಗಲೂ ಗಡಿಬಿಡಿಯೇ. ಆದರೆ ಮೊದಲು ಆ ಗಡಿಬಿಡಿಯ ನಡುವೆಯೇ ಊರಿನ ಸುದ್ದಿಯೆಲ್ಲ ನಮಗೆ ಗೊತ್ತಿರುತ್ತಿತ್ತು. ಸೀಸನ್ ಮುಗಿಯುವಾಗ ನಾವು ದಣಿದಿರುತ್ತಿದ್ದೆವು, ಆದರೆ ಯಾರಿಂದಲೂ ದೂರ ಆಗಿರುತ್ತಿರಲಿಲ್ಲ. ಈಗ ಅಷ್ಟೊಂದು ದಣಿವಿಲ್ಲ, ದೂರ ಮಾತ್ರ ಆಗಿದ್ದೇವೆ.

ಸುಲಿಯುವ ರಾತ್ರಿಗಳು

ನಾನು ಸಾಗರದ ಪೇಟೆಯಲ್ಲಿ ಬೆಳೆದವಳು. ಅಪ್ಪ ಮೇಷ್ಟ್ರು. ಅಡಿಕೆ ಅಂದರೆ ಹರಿವಾಣದಲ್ಲಿ ಎಲೆಯ ಜೊತೆ ಇಡುವ ಹೋಳು ಅಂತಷ್ಟೇ ಗೊತ್ತಿತ್ತು. ಮದುವೆಯಾಗಿ ಬಂದ ವರ್ಷ ದೀಪಾವಳಿ ಕಳೆದ ಕೂಡಲೇ ಅತ್ತೆ ಒಂದು ಮೆಟ್ಟುಗತ್ತಿ ಕೈಗೆ ಕೊಟ್ಟು, "ಕೂತ್ಕ, ನೋಡ್ತಾ ನೋಡ್ತಾ ಬತ್ತು" ಅಂದರು. ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದು, ಹಸಿ ಅಡಿಕೆಯನ್ನು ಕತ್ತಿಯ ಮೂತಿಗೆ ಒತ್ತಿ, ಸಿಪ್ಪೆ ಬಿಡಿಸಿ, ಒಳಗಿನ ಅಡಿಕೆಗೆ ಗಾಯ ಆಗದ ಹಾಗೆ ತೆಗೆಯಬೇಕು. ಕಲಿತವರ ಕೈಯಲ್ಲಿ ಅದು ಎರಡೇ ಏಟಿನ ಕೆಲಸ. ಕಲಿಯದವರಿಗೆ ಬೆರಳೇ ಹೋಗುವ ಭಯ.

ಜಗಲಿಯಲ್ಲಿ ಸುತ್ತ ಕೂರುತ್ತಿದ್ದೆವು. ಮಧ್ಯದಲ್ಲಿ ಅಡಿಕೆ ರಾಶಿ, ಮೇಲೆ ಒಂದು ಬಲ್ಬು. ಕರೆಂಟು ಹೋದರೆ ಗ್ಯಾಸ್‌ಲೈಟು. ಮನೆಯವರು, ಅಕ್ಕಪಕ್ಕದ ಮನೆಯವರು, ಕೇರಿಯಿಂದ ಬಂದ ಹೆಂಗಸರು, ಒಂದಿಬ್ಬರು ಗಂಡಸರು. ಊಟ ಮುಗಿಸಿ ಕೂತರೆ ರಾತ್ರಿ ಹನ್ನೊಂದು, ಹನ್ನೆರಡು. ಲೆಕ್ಕ ಡಬ್ಬದ್ದು. ಸುಲಿದಷ್ಟು ಡಬ್ಬಕ್ಕೆ ದುಡ್ಡು. ಆದ್ದರಿಂದ ಯಾರೂ ಕೈ ನಿಲ್ಲಿಸುತ್ತಿರಲಿಲ್ಲ. ಬಾಯಿಯೂ ನಿಲ್ಲುತ್ತಿರಲಿಲ್ಲ. ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರ ತೋಟದಲ್ಲಿ ಕೊಳೆರೋಗ ಜಾಸ್ತಿ ಬಂತು, ಯಾರ ಮಗ ಬೆಂಗಳೂರಿಂದ ಫೋನೇ ಮಾಡುತ್ತಿಲ್ಲ, ಈ ಸಲ ಹರಕೆಯ ಯಕ್ಷಗಾನ ಆಟ ಯಾರದ್ದು. ಮೂರು ತಿಂಗಳಲ್ಲಿ ಊರಿನ ಎಲ್ಲರ ಸುಖದುಃಖವೂ ಆ ಬಲ್ಬಿನ ಕೆಳಗೆ ಒಮ್ಮೆಯಾದರೂ ಬಂದು ಹೋಗುತ್ತಿತ್ತು. ಇಬ್ಬರು ಅಣ್ಣತಮ್ಮಂದಿರ ನಡುವಿನ ಗಡಿಬೇಲಿಯ ಜಗಳವೊಂದು ಪಂಚಾಯ್ತಿಯಲ್ಲಿ ಬಗೆಹರಿಯದೆ ಉಳಿದಿತ್ತು. ಅದು ನಮ್ಮ ಜಗಲಿಯಲ್ಲಿ ಅವರವರ ಹೆಂಡತಿಯರ ಬಾಯಲ್ಲಿ ತಣ್ಣಗಾದದ್ದನ್ನು ನಾನೇ ನೋಡಿದ್ದೇನೆ.

ಆ ಮೊದಲ ವರ್ಷದ ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಮದುವೆಗೆ ಮೊದಲಿನ ಬೇಸಿಗೆಯಲ್ಲಿ ನನ್ನ ಅಮ್ಮ ತೀರಿಕೊಂಡಿದ್ದರು. ಈ ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಗೊತ್ತಿದ್ದಕ್ಕೇ ಯಾರೂ ಅದರ ಮಾತು ಎತ್ತುತ್ತಿರಲಿಲ್ಲ. ಹೊಸ ಹುಡುಗಿ ಅಳುವುದು ಬೇಡ ಅಂತ. ನಾನೂ ಎತ್ತುತ್ತಿರಲಿಲ್ಲ. ಆ ರಾತ್ರಿ ನನ್ನ ಪಕ್ಕದಲ್ಲಿ ಕೇರಿಯ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಎಲ್ಲರೂ ಬೇರೆ ಏನೋ ಮಾತಾಡುತ್ತಿದ್ದಾಗ, ತಲೆ ಎತ್ತದೆ, ಕತ್ತಿಯ ಮೇಲಿನ ಕಣ್ಣು ತೆಗೆಯದೆ ಕೇಳಿದರು: "ಅಮ್ಮಾ, ನಿಮ್ಮ ತಾಯಿ ಅಡುಗೆ ಎಂತ ಚೆನ್ನಾಗಿ ಮಾಡ್ತಿದ್ರು?" ನಾನು ಅಡಿಕೆ ಸುಲಿಯುತ್ತಲೇ ಹೇಳಿದೆ, ಕೆಸುವಿನ ಪತ್ರೊಡೆ ಅಂತ. ಆಮೇಲೆ ಹೇಗೆ ಮಾಡುತ್ತಿದ್ದರು ಅಂತ ಹೇಳಿದೆ. ಆಮೇಲೆ ಆಸ್ಪತ್ರೆಯ ಕಡೆಯ ವಾರದ ಬಗ್ಗೆ ಹೇಳಿದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಕೈ ನಡೆಯುತ್ತಿತ್ತು. ಅವರೂ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ನನಗೆ ಹೇಳಲು ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವು ಸುಲಿದ ಅಡಿಕೆಯಲ್ಲಿ ಎರಡು ಬೊಗಸೆ ತೆಗೆದು ನನ್ನ ಬುಟ್ಟಿಗೆ ಹಾಕಿದರು. ಅವರಿಗೆ ಅದು ದುಡ್ಡಿನ ಲೆಕ್ಕ. ಅದನ್ನು ನಾನು ಯಾವತ್ತೂ ಮರೆತಿಲ್ಲ.

ಎದುರುಬದುರು ಕೂತು "ಹೇಗಿದ್ದೀಯ" ಅಂತ ಕೇಳಿದರೆ ಬರುವ ಉತ್ತರವೇ ಬೇರೆ, ಕೈಯಲ್ಲಿ ಕೆಲಸ ಇದ್ದಾಗ, ಕಣ್ಣು ಬೇರೆ ಕಡೆ ಇದ್ದಾಗ ಬರುವ ಮಾತೇ ಬೇರೆ ಅಂತ ನನಗೆ ಆವತ್ತು ತಿಳಿಯಿತು. ಕಷ್ಟದ ಮಾತಿಗೆ ಒಂದು ಮರೆ ಬೇಕು. ಸುಲಿಯುವ ಕೆಲಸ ಆ ಮರೆಯನ್ನು ಕೊಡುತ್ತಿತ್ತು.

ಹಾಗಂತ ಆ ರಾತ್ರಿಗಳನ್ನು ನಾನು ಹೊಗಳುತ್ತಾ ಕೂರುವುದಿಲ್ಲ. ಹಸಿ ಅಡಿಕೆಯ ಚೊಗರು ಹತ್ತಿ ಕೈ ಕಪ್ಪಾಗುತ್ತಿತ್ತು. ಚಳಿಗೆ ಚರ್ಮ ಒಡೆಯುತ್ತಿತ್ತು. ಮೂರು ತಿಂಗಳು ಉಪ್ಪಿನಕಾಯಿ ಮುಟ್ಟಿದರೆ ಉರಿ. ಹಗಲೆಲ್ಲ ಗದ್ದೆ, ತೋಟ ಅಂತ ದುಡಿದು, ರಾತ್ರಿ ಇಲ್ಲಿ ಕೂತು, ಬೆಳಗ್ಗೆ ಮತ್ತೆ ಮಕ್ಕಳಿಗೆ ಬುತ್ತಿ ಕಟ್ಟಿ ಹೊರಡುತ್ತಿದ್ದ ಹೆಂಗಸರ ಬೆನ್ನು ಏನಾಗಿರಬೇಡ. ಅವರ ಹೆಣ್ಣುಮಕ್ಕಳು ಇವತ್ತು ನರ್ಸಿಂಗ್ ಓದಿದ್ದಾರೆ, ಬ್ಯಾಂಕಿನಲ್ಲಿದ್ದಾರೆ, ಶಿವಮೊಗ್ಗದ ಅಂಗಡಿಗಳಲ್ಲಿದ್ದಾರೆ. ಸುಲಿಯಲು ಅವರು ಬರಬೇಕು ಅಂತ ಬಯಸುವ ಹಕ್ಕು ನನಗಿಲ್ಲ, ಆ ಬಯಕೆಯೂ ಇಲ್ಲ.

ಮೆಷಿನ್ ಬಂದ ಮೇಲೆ

ಈಗ ಸುಲಿಯುವ ಮೆಷಿನ್ ಮನೆ ಬಾಗಿಲಿಗೇ ಬರುತ್ತದೆ. ಫೋನ್ ಮಾಡಿ ಸರದಿ ಹಿಡಿಯಬೇಕು. ಬಂತೆಂದರೆ ಜಗಲಿಯ ಸುತ್ತಲಿನವರು ವಾರಗಟ್ಟಲೆ ಸುಲಿಯುತ್ತಿದ್ದುದು ಒಂದೆರಡು ರಾತ್ರಿಯಲ್ಲಿ ಮುಗಿದುಹೋಗುತ್ತದೆ. ಮೆಷಿನ್ನಿಗೆ ಸಿಕ್ಕದೆ ಉಳಿದ ಕಾಯಿ ಮಾತ್ರ ಕೈಯಲ್ಲಿ ಸುಲಿಯಬೇಕು. ಕೊನೆ, ಅಂದರೆ ಅಡಿಕೆ ಗೊಂಚಲು, ತೆಗೆಯುವುದೂ ಬದಲಾಗಿದೆ. ಕೊನೆಗೌಡರು ಒಂದು ಮರ ಹತ್ತಿ, ಅಲ್ಲಿಂದ ಬಾಗಿಸಿಕೊಂಡು ಇನ್ನೊಂದು ಮರಕ್ಕೆ ಹಾರಿ, ನೇಣಿನಲ್ಲಿ ಕೊನೆ ಜಾರಿಸುತ್ತಿದ್ದ ಕಾಲ ಮುಗಿಯುತ್ತಾ ಬಂತು. ಈಗ ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿ. ನೆಲದ ಮೇಲೆ ನಿಂತೇ ಕೊಯ್ಯುತ್ತಾರೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಯುತ್ತಾರೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನಮ್ಮ ಊರಿನಲ್ಲೇ ನೋಡಿದ್ದೇನೆ. ದೋಟಿ ಬಂದದ್ದಕ್ಕೆ ನನಗೆ ನಿಜವಾಗಿ ಸಂತೋಷವಿದೆ.

ಆದರೆ ಒಂದು ವಿಷಯ ಹೊರಗಿನವರಿಗೆ ತಕ್ಷಣ ಕಾಣುವುದಿಲ್ಲ. ಸುಲಿಯುವುದು ಬೇಗ ಆಯಿತು ಅಂದರೆ ಉಳಿದದ್ದೆಲ್ಲ ಬೇಗ ಆಗುತ್ತದೆ ಅಂತಲ್ಲ. ಸುಲಿದ ಹಸಿ ಅಡಿಕೆಯನ್ನು ಇಟ್ಟುಕೊಂಡು ಕೂರುವ ಹಾಗಿಲ್ಲ. ಬೇಗ ಬೇಯಿಸಬೇಕು, ಇಲ್ಲವಾದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ರೇಟು ಬಿತ್ತು. ಕೈಯಲ್ಲಿ ಸುಲಿಯುತ್ತಿದ್ದಾಗ ಎಷ್ಟು ಸುಲಿದರೋ ಅಷ್ಟು ಹಂಡೆಗೆ. ಸುಲಿಯುವವರ ಕೈಯ ವೇಗವೇ ಇಡೀ ಮನೆಯ ವೇಗವಾಗಿತ್ತು. ಈಗ ಮೆಷಿನ್ ಒಂದೇ ರಾತ್ರಿಗೆ ರಾಶಿ ಹಾಕಿ ಹೋಗುತ್ತದೆ, ಹಂಡೆ ಇರುವುದು ಅದೇ ಒಂದು, ಒಲೆ ಅದೇ ಒಂದು. ಹಾಗಾಗಿ ಬೆಳಗಿನ ಜಾವ ನಾಲ್ಕಕ್ಕೆ ಬೆಂಕಿ ಹಾಕಿದರೆ ರಾತ್ರಿಯವರೆಗೂ ಆರುವುದಿಲ್ಲ. ಅಡಿಕೆ ಬೇಯುವ ಚೊಗರು ನೀರು ಗಟ್ಟಿಯಾಯಿತಾ, ನೀರು ಬೇಕಾ, ಬೆಂದ ಅಡಿಕೆ ಉಗುರಿಗೆ ಸಿಗುತ್ತದಾ, ಇದನ್ನೆಲ್ಲ ಒಬ್ಬರು ನಿಂತು ನೋಡುತ್ತಲೇ ಇರಬೇಕು. ಆ ಒಬ್ಬರು ನಮ್ಮಲ್ಲಿ ನಾನು. ಮೆಷಿನ್ನಿನ ಸದ್ದಿನಲ್ಲಿ ಮಾತಿಲ್ಲ. ಒಲೆಯ ಮುಂದೆ ಮಾತಾಡಲು ಯಾರೂ ಇಲ್ಲ.

ಇನ್ನು ಬಿಸಿಲು. ಬೇಯಿಸಿದ ಅಡಿಕೆಗೆ ವಾರದ ಹತ್ತಿರ ಒಳ್ಳೆಯ ಬಿಸಿಲು ಬೇಕು. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡುವುದಾದರೆ 40 ದಿನ, 45 ದಿನ. ಅದನ್ನು ಯಾವ ಮೆಷಿನ್ನೂ ಒಂದು ರಾತ್ರಿಗೆ ಇಳಿಸಿಲ್ಲ. ಡಿಸೆಂಬರಿನಲ್ಲಿ ಮೋಡ ಕಂಡರೆ ಊರಿಗೆ ಊರೇ ಆಕಾಶ ನೋಡುತ್ತಾ ನಿಲ್ಲುತ್ತದೆ. ಹೀಗೆ ಒಂದು ಕಡೆ ಓಟ, ಇನ್ನೊಂದು ಕಡೆ ಕಾಯುವುದು. ಹಿಂದೆ ಕಾಯುವಾಗ ಜೊತೆಗೆ ಜನ ಇರುತ್ತಿದ್ದರು. ಈಗ ಕಾಯುವುದೂ ಒಬ್ಬೊಬ್ಬರೇ, ಫೋನು ಹಿಡಿದುಕೊಂಡು, ಹವಾಮಾನ ನೋಡುತ್ತಾ, ಸಾಗರ ಮಾರ್ಕೆಟ್ಟಿನಲ್ಲಿ ರಾಶಿ, ಬೆಟ್ಟೆ ಅನ್ನುವ ಅಡಿಕೆ ಬಗೆಗಳ ರೇಟು ಎಷ್ಟಾಯಿತು ಅಂತ ನೋಡುತ್ತಾ.

ಅಂದರೆ ನಮಗೆ ಸಮಯ ಉಳಿದಿದೆ, ನಿಜ. ಆದರೆ ಕೆಲಸ ಮತ್ತು ಜನ ಎರಡೂ ಒಂದೇ ಜಗಲಿಯಲ್ಲಿ ಇದ್ದವು. ಕೆಲಸ ಮೆಷಿನ್ನಿಗೆ ಹೋಯಿತು. ಜನರನ್ನು ಎಲ್ಲಿ ಕೂರಿಸಬೇಕು ಅಂತ ನಾವು ಇನ್ನೂ ಯೋಚನೆಯನ್ನೇ ಮಾಡಿಲ್ಲ. ಸೀಸನ್ ಮುಗಿದ ಮೇಲೆ ಮಾತಾಡಿದರಾಯಿತು ಅಂದುಕೊಳ್ಳುತ್ತೇವೆ. ಸೀಸನ್ ಮುಗಿದ ಮೇಲೆ ಎಲ್ಲರೂ ಅವರವರ ಮನೆಯೊಳಗೆ ಸುಸ್ತಾಗಿ ಕೂತಿರುತ್ತಾರೆ.

ಈ ಸುಸ್ತಿನ ಬಗ್ಗೆ ಒಂದು ಮಾತು. ಒಲೆ ಆರಿಸಿದ ಮೇಲೂ ನನಗೆ ನಾಲ್ಕಕ್ಕೇ ಎಚ್ಚರ ಆಗುತ್ತಿತ್ತು. ಎದ್ದು ಕೂತು ಏನು ಮಾಡಬೇಕು ಅಂತ ತಿಳಿಯದೆ ಒಳಗೂ ಹೊರಗೂ ಓಡಾಡುತ್ತಿದ್ದೆ. ಹಗಲು ನಿದ್ದೆ ಬರುತ್ತಿರಲಿಲ್ಲ. ಮೈ ನಿಂತರೂ ಒಳಗೆ ಏನೋ ಓಡುತ್ತಲೇ ಇರುತ್ತದೆ. ಒಬ್ಬರೇ ಕೂತು ವಿಶ್ರಾಂತಿ ತೆಗೆದುಕೊಂಡರೆ ಇದು ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇಳಿಯಲಿಲ್ಲ. ಇಳಿದದ್ದು ದೊಡ್ಡಮ್ಮನ ಮನೆಗೆ ಹೋದಾಗ.

ಹೊಳೆ ಆಚೆ

ದೊಡ್ಡಮ್ಮನ ಮನೆ ಇರುವುದು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತ ಮೇಲೆ ಆ ಕಡೆಯವರಿಗೆ ಸಾಗರ ಅನ್ನುವುದು ಕಣ್ಣಿಗೆ ಹತ್ತಿರ, ಕಾಲಿಗೆ ದೂರ ಆಗಿತ್ತು. ದಡಕ್ಕೆ ಬಂದು ಲಾಂಚಿಗೆ, ಅಂದರೆ ಆಚೆ ದಡಕ್ಕೆ ದಾಟಿಸುವ ದೊಡ್ಡ ದೋಣಿಗೆ, ಕಾಯಬೇಕಿತ್ತು. ಬಸ್ಸು, ಜೀಪು, ಬೈಕು, ಸಿಗಂದೂರಿಗೆ ಹೋಗುವ ಭಕ್ತರು, ಆಸ್ಪತ್ರೆಗೆ ಹೊರಟವರು, ಎಲ್ಲರೂ ಅದೇ ಲಾಂಚಿಗೆ. ಚಿಕ್ಕವಳಿದ್ದಾಗ ನನಗೆ ಆ ಕಾಯುವುದೇ ರಜೆಯ ದೊಡ್ಡ ಸಂಭ್ರಮ. ದೊಡ್ಡವರು ದಡದಲ್ಲಿ ನಿಂತು ಪರಿಚಯ ಇದ್ದವರ ಹತ್ತಿರ, ಇಲ್ಲದವರ ಹತ್ತಿರ, ಊರು ಯಾವುದು ಅಂತ ಶುರುಮಾಡಿ ಸಂಬಂಧದ ಎಳೆ ಹುಡುಕುತ್ತಿದ್ದರು. ಲಾಂಚು ಆಚೆ ದಡ ಮುಟ್ಟುವುದರೊಳಗೆ ಎಳೆ ಸಿಕ್ಕಿರುತ್ತಿತ್ತು.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಉದ್ದ ಸುಮಾರು 2.4 ಕಿಲೋಮೀಟರ್. ನಾನು ಅದರ ಮೇಲೆ ಹೋದದ್ದು ಈ ಸಲ ಮೊದಲು. ಎರಡೂ ಕಡೆ ನೀಲಿ ನೀರು, ಬೇಸಿಗೆಗೆ ಇಳಿಯುತ್ತಿರುವ ದಡದ ಕೆಂಪು ಮಣ್ಣು. ನೋಡುತ್ತಾ ಇದ್ದ ಹಾಗೆ ಆಚೆ ದಡ ಬಂತು. ಐದು ನಿಮಿಷವೂ ಆಗಲಿಲ್ಲ.

"ಅಂತೂ ಬಂದ್ಯಲೇ ಕೂಸೆ" ಅಂದರು ದೊಡ್ಡಮ್ಮ. ಕಾಲಿಗೆ ನೀರು ಕೊಟ್ಟರು, ಕುಡಿಯಲು ಆಸರಿಗೆ ಕೊಟ್ಟರು. ದೊಡ್ಡಪ್ಪನ ಫೋಟೋ ಹಾಲಿನ ಗೋಡೆಯ ಮೇಲಿತ್ತು. ಅದರ ಕೆಳಗೇ ಕೂತೆವು. ನಾನು ಮಾತು ಎಲ್ಲಿಂದ ಶುರು ಮಾಡಲಿ ಅಂತ ನೋಡುತ್ತಿದ್ದೆ, ಅವರೂ ನೋಡುತ್ತಿದ್ದರು. ಅಡಿಕೆ ಎಷ್ಟಾಯ್ತು, ಎಲೆಚುಕ್ಕಿ ರೋಗ ನಿಮ್ಮಲ್ಲಿ ಹೇಗಿದೆ, ಮಗಳು ಹೇಗಿದ್ದಾಳೆ. ಎಲ್ಲದಕ್ಕೂ ಒಂದೊಂದೇ ಸಾಲಿನ ಉತ್ತರ. ಆಮೇಲೆ ಸುಮ್ಮನಾದೆವು.

ಸ್ವಲ್ಪ ಹೊತ್ತು ಬಿಟ್ಟು ಅವರು ಎದ್ದು ಒಳಗೆ ಹೋಗಿ ಒಂದು ಬುಟ್ಟಿ ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ತಂದು ನಡುವೆ ಇಟ್ಟರು. ಹಿಂದಿನ ದಿನವಷ್ಟೇ ಕೊಯ್ಸಿದ್ದಂತೆ. ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಬೇಕು, ತೊಟ್ಟು ಮುರಿಯಬಾರದು, ತೊಟ್ಟು ಬಿಟ್ಟದ್ದನ್ನು, ಏಟು ಬಿದ್ದದ್ದನ್ನು ಬೇರೆ ಇಡಬೇಕು. ಅಂಥದ್ದೊಂದು ಸೇರಿದರೆ ಇಡೀ ಭರಣಿಯ ಮಿಡಿ ಕೆಡುತ್ತದೆ. ಒಂದು ಬಟ್ಟೆ ನನ್ನ ಕೈಗೆ ಕೊಟ್ಟರು. ಒರೆಸಲು ಕೂತೆವು. ಸೊನೆಯ ಘಮ ಹಾಲಿಡೀ ತುಂಬಿತು.

ಹತ್ತು ಮಿಡಿ ಒರೆಸಿರಬಹುದು, ದೊಡ್ಡಮ್ಮ ಶುರು ಮಾಡಿದರು. ದೊಡ್ಡಪ್ಪನಿಗೆ ಎದೆನೋವು ಬಂದದ್ದು ರಾತ್ರಿ. ಜೀಪಿನಲ್ಲಿ ಹಾಕಿಕೊಂಡು ಸೇತುವೆ ದಾಟಿ ಸಾಗರಕ್ಕೆ ಕರೆದೊಯ್ದರು, ಅಲ್ಲಿಂದ ಶಿವಮೊಗ್ಗಕ್ಕೆ. "ಲಾಂಚಿನ ಕಾಲ ಆಗಿದ್ರೆ ಬೆಳಗಾಗ್ಲಿ ಅಂತ ಕಾಯ್ಕಾಗಿತ್ತು. ಅವತ್ತೇ ಮುಗೀತಿತ್ತು. ಸೇತುವೆಯಿಂದ ಹತ್ತು ದಿನ ಜಾಸ್ತಿ ಸಿಕ್ತು" ಅಂದರು. ಆ ಹತ್ತು ದಿನದಲ್ಲಿ ದೊಡ್ಡಪ್ಪ ಏನೇನು ಮಾತಾಡಿದರು ಅಂತ ಒಂದೊಂದೇ ಹೇಳುತ್ತಾ ಹೋದರು. ಮುಳುಗಿ ಹೋದ ಹಳೆಯ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಅನ್ನುವುದರ ಬಗ್ಗೆ, ಅಪ್ಪನ ಕೈ ಹಿಡಿದುಕೊಂಡು ಅಲ್ಲಿಂದ ಎದ್ದು ಬಂದ ದಿನದ ಬಗ್ಗೆ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೂ ಅದರಲ್ಲಿ ಎಷ್ಟೋ ಹೊಸದು. "ನಂಗೂ ಹೇಳಿರ್ಲಿಲ್ಲೆ ನೋಡು" ಅಂದರು. ಮಿಡಿ ಒರೆಸುತ್ತಲೇ ಇದ್ದರು. ನಾನೂ ತಲೆ ಎತ್ತಲಿಲ್ಲ. ತಲೆ ಎತ್ತಬಾರದು ಅಂತ ನನಗೆ ಗೊತ್ತಿತ್ತು. ಬಹಳ ಹಿಂದೆಯೇ ಒಬ್ಬರು ಕಲಿಸಿಕೊಟ್ಟಿದ್ದರು.

ಆ ಸೇತುವೆಯ ಬಗ್ಗೆ ಯಾರಾದರೂ "ಲಾಂಚೇ ಚೆನ್ನಾಗಿತ್ತು" ಅಂತ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಪ್ರವಾಸಕ್ಕೆ ಬಂದು ಫೋಟೋ ತೆಗೆಸಿಕೊಂಡು ಹೋದವರಿಗೆ ಲಾಂಚು ಚಂದವೇ. ನಾಡಿಗೆ ಕರೆಂಟು ಕೊಡಲು ಮನೆ, ತೋಟ ಎಲ್ಲ ಬಿಟ್ಟು ಎದ್ದ ಜನ ಅರವತ್ತು ವರ್ಷ ಒಂದು ದಾರಿಗಾಗಿ ಕಾದರು. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು ಆ ದಡದಲ್ಲಿ ಕಾದಿದ್ದಾರೆ. ಸೇತುವೆ ಇನ್ನೂ ಎಷ್ಟೋ ಮೊದಲೇ ಬರಬೇಕಿತ್ತು.

ಊಟ ಆದ ಮೇಲೆ ದೊಡ್ಡಮ್ಮ ಇನ್ನೊಂದು ಮಾತು ಹೇಳಿದರು. ಸೇತುವೆ ಆದ ಮೇಲೆ ಬರುವವರು ಜಾಸ್ತಿ ಆಗಿದ್ದಾರೆ, ಉಳಿಯುವವರು ಇಲ್ಲ ಅಂತ. ಮೊದಲು ನೆಂಟರು ಬಂದರೆ ಸಂಜೆಯ ಕೊನೆಯ ಲಾಂಚು ತಪ್ಪಿತು ಅಂತ ರಾತ್ರಿ ಉಳಿಯುತ್ತಿದ್ದರು. ಎಷ್ಟೋ ಸಲ ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದರು. ಈಗ ಬಂದವರು ಊಟದ ಬಾಳೆ ಎತ್ತುವ ಮೊದಲೇ ಗಾಡಿಯ ಕೀಲಿ ಹುಡುಕುತ್ತಾರೆ. "ಬೈತಾ ಇಲ್ಲೆ ಮತ್ತೆ. ಎಲ್ಲರಿಗೂ ಕೆಲಸ ಇರ್ತು" ಅಂದರು.

ನಾನು ಸಂಜೆ ವಾಪಸು ಬರುತ್ತೇನೆ ಅಂತ ಮನೆಯಲ್ಲಿ ಹೇಳಿ ಬಂದಿದ್ದೆ. ಫೋನ್ ಮಾಡಿ, ನಾಳೆ ಬರುತ್ತೇನೆ, ಚಾಲಿ ಮೇಲೆ ಟಾರ್ಪಾಲು ಹಾಕಿ, ಅಂದೆ. ರಾತ್ರಿ ಮಿಡಿಗೆ ಉಪ್ಪು ಹಾಕಿದೆವು. ಒಂದು ಪದರ ಮಿಡಿ, ಒಂದು ಪದರ ಉಪ್ಪು. ಆಮೇಲೆ ನಾನು ಮಲಗಿದ್ದೇ ಗೊತ್ತು. ಎಚ್ಚರ ಆದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಸೀಸನ್ ಶುರುವಾದ ಮೇಲೆ ಅಷ್ಟು ಹೊತ್ತು ಮಲಗಿದ್ದು ಅದೇ ಮೊದಲು.

ಮಳೆಗೆ ಮೊದಲು

ವಾಪಸು ಬಂದ ಮೇಲೆ ನನಗೆ ಒಂದು ಯೋಚನೆ ಬಂತು. ಮುಂದಿನ ಸೀಸನ್ನಿನಲ್ಲಿ ಮೊದಲ ಕೊಯ್ಲಿನ ಒಂದಿಷ್ಟು ಅಡಿಕೆಯನ್ನಾದರೂ ಮೆಷಿನ್ನಿಗೆ ಕೊಡದೆ ಜಗಲಿಯಲ್ಲಿ ಎಲ್ಲರೂ ಕೂತು ಸುಲಿದರೆ ಹೇಗೆ ಅಂತ. ಡಬ್ಬದ ಲೆಕ್ಕ ಬೇಡ, ಸಂಜೆಯ ಹೊತ್ತಿಗೆ ಇಷ್ಟು ಅಂತ ಕೂಲಿ. ಮಂಡಿ ಆಪರೇಷನ್ ಆದ ಅಕ್ಕನನ್ನು ನೋಡಲು ಹೋದಾಗ ಈ ಮಾತು ಎತ್ತಿದೆ. ಅವರು ಕೈ ಚಾಚಿ ಬೆರಳು ತೋರಿಸಿದರು. ಗಂಟುಗಳು ದಪ್ಪಗಾಗಿವೆ, ಮಡಚಲು ಆಗುವುದಿಲ್ಲ. "ಸುಲಿಯೋಕೆ ಇನ್ನು ಆಗಲ್ಲ ಅಮ್ಮ. ಮಾತಿಗೆ ಬೇಕಾದ್ರೆ ಕರೀರಿ, ಬರ್ತೀನಿ" ಅಂದರು. ನಾನು ಅದನ್ನೇ ಯೋಚಿಸುತ್ತಾ ಮನೆಗೆ ಬಂದೆ. ಸುಲಿಯುವುದೇ ಆಗಬೇಕು ಅಂತ ಏನಿದೆ. ಕೈಗೆ ಒಂದು ಕೆಲಸ ಬೇಕು, ಅದು ಹಗುರವಾಗಿರಬೇಕು, ದುಡ್ಡಿನ ಅವಸರ ಅದರ ಮೇಲೆ ಇರಬಾರದು, ಅಷ್ಟೇ.

ಅಂಥ ಕೆಲಸಗಳಿಗೆ ನಮ್ಮ ಮಲೆನಾಡಿನಲ್ಲಿ ಕೊರತೆ ಇಲ್ಲ. ಆದರೆ ಕಾಲ ಮಾತ್ರ ಸಣ್ಣದು. ಮೇ ಕೊನೆಗೆ ಮತ್ತೆ ತೋಟ ಕರೆಯುತ್ತದೆ. ಮಳೆ ಹಿಡಿಯುವ ಮೊದಲೇ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ 1910ರಲ್ಲೇ ಬರೆದು ಈ ದ್ರಾವಣದ ದಾರಿ ತೋರಿಸಿದರು. ಇವತ್ತಿಗೂ ನಾವು ನಂಬಿರುವುದು ಅದನ್ನೇ. ಅದಕ್ಕೂ ಮೊದಲು ಒಂದೊಂದು ಕೊನೆಗೂ ಮಳೆ ತಾಗದ ಹಾಗೆ ಕೊಟ್ಟೆ, ಅಂದರೆ ಹೆಣೆದ ಹೊದಿಕೆ, ಕಟ್ಟುತ್ತಿದ್ದರು. ನಮ್ಮ ಅತ್ತೆಗೆ ಕೊಟ್ಟೆ ಹೆಣೆಯಲು ಈಗಲೂ ಬರುತ್ತದೆ, ಮಗಳಿಗೆ ಕಲಿಸಬೇಕು ಅಂತ ಹೇಳುತ್ತಿರುತ್ತಾರೆ. ಒಂದು ಸಲ ಔಷಧಿ ಹೊಡೆದು, 40 ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮತ್ತೂ ಒಂದು ಸಲ. ಅಷ್ಟರಲ್ಲಿ ನವರಾತ್ರಿ ಬಂದು ಮತ್ತೆ ಕೊಯ್ಲು ಶುರು. ಹಾಗಾಗಿ ನಮಗೆ ಸಿಗುವುದು ಈ ಎರಡು ತಿಂಗಳು. ಇದರಲ್ಲೇ ಮದುವೆ, ಉಪನಯನ, ಗೃಹಪ್ರವೇಶ. ಒಂದೇ ದಿನ ಮೂರು ಕಡೆ ಊಟಕ್ಕೆ ಹೋಗಿ, ಮೂರು ಕಡೆಯೂ ಯಾರ ಹತ್ತಿರವೂ ಸರಿಯಾಗಿ ಮಾತಾಡದೆ ಬರುವ ತಿಂಗಳುಗಳು.

ನಮ್ಮ ಮನೆಯಲ್ಲಿ ಈ ಸಲ ಮೂರು ಕಡೆ ಹೋಗುವುದು ಬೇಡ, ಒಂದು ಕಡೆ ಹೋಗಿ ಸಂಜೆಯವರೆಗೆ ಕೂರೋಣ ಅಂತ ಮಾತಾಡಿಕೊಂಡಿದ್ದೇವೆ. ಉಳಿದವರು ಬೇಜಾರು ಮಾಡಿಕೊಳ್ಳಬಹುದು. ಅವರ ಮನೆಗೆ ಬೇರೆ ದಿನ, ಅಡುಗೆಯವರು, ಚಪ್ಪರ ಏನೂ ಇಲ್ಲದ ದಿನ ಹೋಗೋಣ ಅಂತ. ಇದು ನಡೆಯುತ್ತದಾ ನೋಡಬೇಕು. ನಮ್ಮನೆಯವರಿಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. "ಕರೆದ ಮನೆಗೆ ಮುಖ ತೋರಿಸದಿದ್ರೆ ಹೇಗೆ" ಅನ್ನುತ್ತಾರೆ. ಅವರು ಹೇಳುವುದರಲ್ಲೂ ನ್ಯಾಯ ಇದೆ. ನಮ್ಮ ಮನೆಯ ಕಾರ್ಯಕ್ಕೆ ಮುಖ ತೋರಿಸಲೆಂದೇ ಮಳೆಯಲ್ಲಿ ನೆನೆದು ಬಂದವರಿದ್ದಾರೆ.

ಇನ್ನೊಂದು, ಹಲಸಿನ ಹಪ್ಪಳ. ಮನೆ ಹಿಂದಿನ ಮರದ ಕಾಯಿ ಬಲಿಯುತ್ತಿದೆ. ಈ ಸಲ ಅಂಗಡಿಯ ಹಪ್ಪಳ ತರುವುದಿಲ್ಲ ಅಂತ ಅತ್ತೆ ಹೇಳಿಬಿಟ್ಟಿದ್ದಾರೆ. ಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಬಿಸಿ ಇರುವಾಗಲೇ ಕಡೆದು, ಉಂಡೆ ಮಾಡಿ, ಒತ್ತಿ, ಚಾಪೆಯ ಮೇಲೆ ಹಾಕಬೇಕು. ಇಬ್ಬರಿಂದ ಆಗುವ ಕೆಲಸವಲ್ಲ, ಎಂಟು ಹತ್ತು ಕೈ ಬೇಕು. ಪಕ್ಕದ ಮನೆಯವರು ಬರುತ್ತೇವೆ ಅಂದಿದ್ದಾರೆ. ಮದುವೆ ಹುಡುಗಿಯೂ ಬರುತ್ತಾಳಂತೆ, ಅವಳ ಹತ್ತಿರ ಹುಡುಗನ ಬಗ್ಗೆ ಕೇಳುವುದು ಬಹಳ ಇದೆ. ಮಂಡಿ ಅಕ್ಕನಿಗೆ ಕೆಳಗೆ ಕೂರಲು ಆಗುವುದಿಲ್ಲ, ಅವರಿಗೆ ಕುರ್ಚಿ ಹಾಕಿ ಉಂಡೆ ಮಾಡುವ ಕೆಲಸ ಕೊಡುವುದು ಅಂತ ಮಾಡಿದ್ದೇವೆ. ದೊಡ್ಡಮ್ಮನಿಗೂ ಫೋನ್ ಮಾಡಿದೆ. ಸೇತುವೆ ಇದೆಯಲ್ಲ, ಬೆಳಗ್ಗೆ ಹೊರಟರೆ ತಿಂಡಿಗೆ ಇಲ್ಲಿರಬಹುದು ಅಂದೆ. "ತಿಂಡಿಗೆ ಬಂದು ಸಂಜೆಗೆ ಹೊರಡೂದಾದ್ರೆ ಬತ್ನಿಲ್ಲೆ. ನಾಲ್ಕು ದಿನ ಇಟ್ಕಂಬದಾದ್ರೆ ಬತ್ತೆ" ಅಂದರು. ಅವರಿಗೆ ಮೂಲೆ ಕೋಣೆಯ ಅಡಿಕೆ ಚೀಲ ಖಾಲಿ ಮಾಡಿಕೊಡಬೇಕು. ರೇಟು ಇನ್ನೂ ಸ್ವಲ್ಪ ಏರಲಿ ಅಂತ ಇಟ್ಟುಕೊಂಡಿದ್ದ ಚೀಲಗಳು ಅವು. ಸೋಮವಾರ ಮಾರ್ಕೆಟ್ಟಿಗೆ ಕಳಿಸುತ್ತಿದ್ದೇವೆ.